ಕೋಡ್ ಬರೆದಾಯ್ತು, ಬಳಸೋದು ಹೇಗೆ ಅಂತ ಹೇಳೋರ್ಯಾರು?

ನನ್ನ ಅಕ್ಕನ ಮಗ ಇಂಜಿನಿಯರಿಂಗ್ ಕೊನೇ ವರ್ಷದಲ್ಲಿದ್ದಾಗ ಒಂದು ಪುಟ್ಟ ಪ್ರೋಗ್ರಾಂ ಬರೆದ. ‘ನುಡಿ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಫೈಲ್‌ಗಳನ್ನು, ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ಯೂನಿಕೋಡ್‌ಗೆ ಬದಲಿಸುವುದು ಅದರ ಕೆಲಸ. ನುಡಿ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅಂಥ ಫೈಲ್ ತೆರೆದು ನೋಡಿದವರಿಗೆ ಇದರ ಅಗತ್ಯ ಗೊತ್ತು. ಕನ್ನಡ ಇರಬೇಕಾದ ಕಡೆ ಬರೀ ಇಂಗ್ಲಿಷ್ ಅಕ್ಷರಗಳ ಗಜಿಬಿಜಿ. ‘ಕನ್ನಡ’ ಎಂಬ ಪದದ ನಡುವೆಯೇ ಒಂದು ಪೌಂಡ್ ಗುರುತು ಕೂತಿರುತ್ತದೆ. ಹುಡುಗ ಕೋಡನ್ನು ಗಿಟ್‌ಹಬ್ ಎಂಬ ಕೋಡ್ ಹಂಚುವ ತಾಣಕ್ಕೆ ಹಾಕಿದ, ಓಪನ್ ಸೋರ್ಸ್ ಎಂದು ಬರೆದ, ಕೆಳಗೆ ತನ್ನ ಫೋನ್ ನಂಬರನ್ನೂ ಕೊಟ್ಟ. ಓಪನ್ ಸೋರ್ಸ್ ಎಂದರೆ ಕೋಡನ್ನು ಎಲ್ಲರಿಗೂ ತೆರೆದಿಡುವುದು. ಯಾರು ಬೇಕಾದರೂ ಬಳಸಬಹುದು, ತಿದ್ದಬಹುದು, ಹಂಚಬಹುದು.

ಎರಡೇ ವಾರಕ್ಕೆ ಫೋನ್ ಶುರುವಾಯಿತು.

ಮೊದಲು ಒಂದು ಪ್ರಿಂಟಿಂಗ್ ಪ್ರೆಸ್ ಮಾಲೀಕರು. “ಏನಪ್ಪಾ, ಡೌನ್‌ಲೋಡ್ ಆಯ್ತು. ಈಗ ಎಲ್ಲಿ ಒತ್ತಬೇಕು?” ಆಮೇಲೆ ಒಬ್ಬ ಮೇಷ್ಟ್ರು. “ಒಂದೊಂದೇ ಫೈಲ್ ಆಗ್ತಿದೆ, ಸರಿ. ಫೋಲ್ಡರಿನಲ್ಲಿರೋ ಅಷ್ಟನ್ನೂ ಒಟ್ಟಿಗೆ ಮಾಡೋದು ಹೇಗೆ?” ಮೂರನೆಯವರು ಪ್ರೋಗ್ರಾಮರ್. ಈ ಕೋಡನ್ನು ತಮ್ಮ ಪ್ರೋಗ್ರಾಂ ಒಳಗೆ ಸೇರಿಸಿಕೊಳ್ಳಬೇಕಂತೆ. ಫಂಕ್ಷನ್‌ಗೆ, ಅಂದರೆ ಕೋಡಿನ ಆ ತುಣುಕಿಗೆ, ಏನೇನು ಕೊಡಬೇಕು, ಅದು ಏನನ್ನು ವಾಪಸ್ ಕೊಡುತ್ತದೆ, ಅಷ್ಟು ಗೊತ್ತಾದರೆ ಸಾಕು. ನಾಲ್ಕನೆಯವರು ನಿವೃತ್ತ ಪ್ರೂಫ್ ರೀಡರ್. “ಎಲ್ಲಾ ಸರಿಯಾಗಿದೆ ಕಣಪ್ಪ. ಅರ್ಕಾವತ್ತು ಮಾತ್ರ ಕೆಲವು ಕಡೆ ಯಾಕೆ ತಪ್ಪುತ್ತೆ?”

“ಮಾಮ, ಕೋಡ್ ಬರೆಯೋಕೆ ಎಂಟು ದಿನ ಸಾಕಾಯ್ತು. ಇವರಿಗೆ ಉತ್ತರ ಹೇಳೋದು ಮಾತ್ರ ಮುಗೀತಾನೇ ಇಲ್ಲ” ಅಂದ ಹುಡುಗ. ನನ್ನ ಹೊಟ್ಟೆಪಾಡೇ ಸಾಫ್ಟ್‌ವೇರ್ ಕೈಪಿಡಿ ಬರೆಯುವುದು. ಹಾಗಾಗಿ ಅವನಿಗೆ ಒಂದು ಡಾಕ್ಸ್ ಸೈಟ್ ಮಾಡಿಕೊಡಲು ಕೂತೆ. ಆಗ ಅವನು ಕೇಳಿದ ‘ಯಾಕೆ’, ‘ಹೇಗೆ’ಗಳಿಗೆ ಕೊಟ್ಟ ಉತ್ತರವೇ ಈ ಲೇಖನ.

ಡಾಕ್ಸ್ ಅಂದರೆ ಏನು?

ಡಾಕ್ಯುಮೆಂಟೇಶನ್ ಎಂಬ ಉದ್ದದ ಪದವನ್ನು ಈ ಕಸುಬಿನಲ್ಲಿ ಯಾರೂ ಪೂರ್ತಿ ಹೇಳುವುದಿಲ್ಲ. ಡಾಕ್ಸ್ ಅಂದರೆ ಮುಗಿಯಿತು. ಒಂದು ಸಾಫ್ಟ್‌ವೇರನ್ನು ಹೇಗೆ ಹಾಕಿಕೊಳ್ಳಬೇಕು, ಹೇಗೆ ಬಳಸಬೇಕು, ಕೆಟ್ಟರೆ ಏನು ಮಾಡಬೇಕು ಎಂದೆಲ್ಲ ಹೇಳುವ ಬರಹ ಅದು.

ಇದೇನೂ ಹೊಸದಲ್ಲ. ಯುನಿಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್‌ನ ಮೊದಲ ಕೈಪಿಡಿಯ ಮೇಲೆ 1971ರ ನವೆಂಬರ್ 3ರ ತಾರೀಖಿದೆ. ಬರೆದವರು ಯುನಿಕ್ಸ್ ಕಟ್ಟಿದ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಅವರೇ. ಆ ಕೈಪಿಡಿಯಲ್ಲಿ ‘ಬಗ್ಸ್’ ಎಂಬ ಒಂದು ತಲೆಬರಹ ಆಗಾಗ ಬರುತ್ತದೆ. ಈ ಕಮಾಂಡಿನಲ್ಲಿ ಇಂಥಿಂಥ ತೊಂದರೆ ಇದೆ ಎಂದು ಮಾಡಿದವರೇ ಒಪ್ಪಿಕೊಂಡು ಬರೆದ ಜಾಗ ಅದು. ಅಂಗಡಿಯವನೇ ‘ಈ ಹಣ್ಣು ಸ್ವಲ್ಪ ಹುಳಿ’ ಅಂತ ಹೇಳಿ ಮಾರಿದ ಹಾಗೆ. ಆ ರೂಢಿ ಇವತ್ತಿಗೂ ಉಳಿದಿದೆ.

ಓಪನ್ ಸೋರ್ಸ್‌ನಲ್ಲಿ ಡಾಕ್ಸ್‌ಗೆ ತೂಕ ಜಾಸ್ತಿ. ದುಡ್ಡು ಕೊಟ್ಟು ಕೊಂಡ ಸಾಫ್ಟ್‌ವೇರ್ ಆದರೆ ಕಸ್ಟಮರ್ ಕೇರ್ ಅಂತ ಒಂದಿರುತ್ತದೆ. ಇಲ್ಲಿ ಬಹಳ ಸಲ ಇರುವುದು ಬಿಡುವಿನಲ್ಲಿ ಕೆಲಸ ಮಾಡುವ ನಾಲ್ಕೈದು ಜನ. ಕೆಲವೊಮ್ಮೆ ಒಬ್ಬನೇ. ಹತ್ತು ಸಾವಿರ ಜನರ ಫೋನು ಅವನು ಎತ್ತಲಾರ.

ಪ್ರತಿ ಪ್ರಾಜೆಕ್ಟಿನ ಜೊತೆಗೂ ‘ರೀಡ್‌ಮಿ’ ಎಂಬ ಒಂದು ಫೈಲ್ ಇರುತ್ತದೆ. ಅದೇ ಸಾಲದೇ? ಚಿಕ್ಕ ಪ್ರಾಜೆಕ್ಟಿಗೆ ಸಾಕು. ರೀಡ್‌ಮಿ ಅಂಗಡಿಯ ಮುಂದಿನ ಬೋರ್ಡಿನಂತೆ. ಇಲ್ಲಿ ಏನು ಸಿಗುತ್ತದೆ, ಬಾಗಿಲು ಯಾವ ಕಡೆ ಎಂದು ಹೇಳುತ್ತದೆ. ಬೋರ್ಡಿನ ಮೇಲೇ ಪೂರ್ತಿ ಸ್ಟಾಕ್ ಪಟ್ಟಿ ಬರೆಯಲು ಹೊರಟರೆ ಬಾಗಿಲೇ ಕಾಣದು. ಅಕ್ಕನ ಮಗನ ರೀಡ್‌ಮಿ ಆ ಹೊತ್ತಿಗೆ ಹದಿನಾಲ್ಕು ಸಲ ಸ್ಕ್ರೋಲ್ ಮಾಡುವಷ್ಟು ಉದ್ದವಾಗಿತ್ತು.

ನಾಲ್ಕು ಫೋನು, ನಾಲ್ಕು ಥರದ ಪುಟ

ಆ ನಾಲ್ಕು ಫೋನುಗಳನ್ನು ಇನ್ನೊಮ್ಮೆ ನೋಡಿ. ನಾಲ್ವರೂ ಕೇಳಿದ್ದು ಒಂದೇ ಪ್ರೋಗ್ರಾಂ ಬಗ್ಗೆ. ಆದರೆ ಒಬ್ಬರಿಗೆ ಕೊಟ್ಟ ಉತ್ತರ ಇನ್ನೊಬ್ಬರಿಗೆ ಪ್ರಯೋಜನಕ್ಕೆ ಬಾರದು. ಡಾಕ್ಸ್ ಸೈಟ್ ಜೋಡಿಸುವ ಕಷ್ಟವೆಲ್ಲ ಇರುವುದು ಇಲ್ಲೇ.

ಡಾನಿಯೆಲೆ ಪ್ರೊಚಿಡಾ ಎಂಬುವರು ಇದನ್ನು ಒಂದು ಕ್ರಮಕ್ಕೆ ತಂದರು. ಅದರ ಹೆಸರು ಡಯಾಟಾಕ್ಸಿಸ್. ಹೆಸರು ಗ್ರೀಕಿನದು, ಬೆದರಬೇಡಿ, ವಿಷಯ ಸುಲಭ. ಡಾಕ್ಸ್ ಎಂಬುದು ಒಂದು ಬರಹವಲ್ಲ, ನಾಲ್ಕು ಥರದ ಬರಹ, ನಾಲ್ಕನ್ನೂ ಬೇರೆ ಬೇರೆ ಇಡಿ ಎನ್ನುತ್ತದೆ ಅದು. ಉಬುಂಟು ಎಂಬ ಆಪರೇಟಿಂಗ್ ಸಿಸ್ಟಮ್ ಮಾಡುವವರು ಇದೇ ಕ್ರಮ ಹಿಡಿದಿದ್ದಾರೆ.

ಸ್ಕೂಟರ್ ಕಲಿಯುವುದನ್ನು ನೆನಪಿಸಿಕೊಳ್ಳಿ. ಮೊದಲ ದಿನ ಅಪ್ಪನೋ ಅಣ್ಣನೋ ಖಾಲಿ ಮೈದಾನಕ್ಕೆ ಕರೆದುಕೊಂಡು ಹೋಗಿ, ಹಿಂದೆ ಕೂತು, “ಈಗ ಇದನ್ನ ಹಿಡಿ, ಈಗ ಮೆಲ್ಲಗೆ ಬಿಡು” ಅನ್ನುತ್ತಾರೆ. ಆಗ ಎಂಜಿನ್ ಹೇಗೆ ಕೆಲಸ ಮಾಡುತ್ತದೆ ಎಂದು ಭಾಷಣ ಬಿಗಿದರೆ ಗೋಡೆಗೆ ಗುದ್ದುವುದು ಖಾತ್ರಿ. ಈ ಥರದ ಬರಹವೇ ಟ್ಯುಟೋರಿಯಲ್. ಪ್ರೆಸ್ ಮಾಲೀಕರಿಗೆ ಬೇಕಿದ್ದದ್ದು ಇದು. ಓದುಗ ಏನೂ ಆರಿಸಬೇಕಾಗಿಲ್ಲ. ಹೇಳಿದ್ದನ್ನು ಹೇಳಿದಂತೆ ಮಾಡಿದರೆ ಕೊನೆಗೆ ಒಂದು ಫೈಲ್ ಬದಲಾಗಿ ಕಣ್ಣೆದುರು ನಿಲ್ಲಬೇಕು, ಅಷ್ಟೇ.

ಓಡಿಸಲು ಬಂದ ಮೇಲೆ ಬೇರೆ ಥರದ ಪ್ರಶ್ನೆ. ಹೆದ್ದಾರಿಯಲ್ಲಿ ಪಂಕ್ಚರ್ ಆಯಿತು, ಸ್ಟೆಪ್ನಿ ಹಾಕುವುದು ಹೇಗೆ? ಇದು ‘ಹೌ-ಟು’. ಕೇಳುವವರಿಗೆ ಕೆಲಸ ಗೊತ್ತಿದೆ, ಒಂದು ಗುರಿಯೂ ಇದೆ. ಹಂತಗಳನ್ನು ಹೇಳಿ ದಾರಿ ಬಿಡಬೇಕು. ಮೇಷ್ಟ್ರ ಫೋಲ್ಡರ್ ಪ್ರಶ್ನೆ ಈ ಸಾಲಿನದು.

ಟೈರಿಗೆ ಗಾಳಿ ಎಷ್ಟು? ಆಯಿಲ್ ಯಾವುದು? ಇದನ್ನು ಯಾರೂ ಕತೆಯಂತೆ ಓದುವುದಿಲ್ಲ. ಪಟ್ಟಿ ತೆಗೆದು, ಬೆರಳಿಟ್ಟು ನೋಡಿ, ಮುಚ್ಚಿಡುತ್ತಾರೆ. ಇದು ರೆಫರೆನ್ಸ್. ಬಸ್ ಸ್ಟ್ಯಾಂಡಿನ ವೇಳಾಪಟ್ಟಿಯ ಹಾಗೆ ಚುಟುಕಾಗಿ, ಪೂರ್ತಿಯಾಗಿ, ಒಂದೇ ಅಚ್ಚಿನಲ್ಲಿ ಇರಬೇಕು. ನಮ್ಮ ಪ್ರೋಗ್ರಾಮರ್ ಕೇಳಿದ್ದು ಇದನ್ನೇ.

ಇನ್ನು ನಾಲ್ಕನೆಯದು. ಚಳಿಗಾಲದ ಬೆಳಿಗ್ಗೆ ಹಳೇ ಸ್ಕೂಟರಿಗೆ ಚೋಕ್ ಯಾಕೆ ಎಳೆಯಬೇಕು? ಇದು ವಿವರಣೆ. ಕೈಯಲ್ಲಿ ಸ್ಪ್ಯಾನರ್ ಇಲ್ಲದಾಗ, ಆರಾಮಾಗಿ ಕೂತು ಓದುವಂಥದ್ದು. ಪ್ರೂಫ್ ರೀಡರ್‌ಗೆ ಕೊಡಬೇಕಾದ ಉತ್ತರ ಈ ಬಗೆಯದು. ನುಡಿಯಲ್ಲಿ ಅಕ್ಷರಗಳು ಕಣ್ಣಿಗೆ ಕಾಣುವ ಕ್ರಮದಲ್ಲಿ ಕೂತಿರುತ್ತವೆ. ‘ಕರ್ನಾಟಕ’ ಬರೆಯುವಾಗ ಮೊದಲು ‘ಕ’, ಆಮೇಲೆ ‘ನಾ’, ಅದರ ಪಕ್ಕ ಅರ್ಕಾವತ್ತು. ಯೂನಿಕೋಡ್ ಬಾಯಿಂದ ಉಚ್ಚರಿಸುವ ಕ್ರಮ ಹಿಡಿಯುತ್ತದೆ. ಅಲ್ಲಿ ರಕಾರ ಮೊದಲು, ನಕಾರ ಆಮೇಲೆ. ಹಾಗಾಗಿ ಪ್ರೋಗ್ರಾಂ ಅರ್ಕಾವತ್ತನ್ನು ಎತ್ತಿ ಹಿಂದಕ್ಕೆ ತಂದು ಕೂರಿಸಬೇಕು. ಎಷ್ಟು ಹಿಂದಕ್ಕೆ ಎಂಬ ಲೆಕ್ಕ ಒತ್ತಕ್ಷರ, ದೀರ್ಘ ಎಲ್ಲ ಸೇರಿದಾಗ ತಪ್ಪುತ್ತದೆ.

ನಾಲ್ಕನ್ನೂ ಬೆರೆಸಿದರೆ ಏನಾಗುತ್ತದೆ? ಪ್ರೆಸ್ ಮಾಲೀಕರು ಎರಡನೇ ಹೆಜ್ಜೆಯಲ್ಲೇ ಅರ್ಕಾವತ್ತಿನ ಇತಿಹಾಸ ಓದುತ್ತಾ ಕೂರುತ್ತಾರೆ. ಪ್ರೂಫ್ ರೀಡರ್ ಮೂರು ಪುಟ ‘ಇಲ್ಲಿ ಒತ್ತಿ, ಅಲ್ಲಿ ಒತ್ತಿ’ ದಾಟಿ ಬಂದರೂ ಕಾರಣ ಸಿಗುವುದಿಲ್ಲ. ಬರಹ ತಪ್ಪಲ್ಲ, ಇಟ್ಟ ಜಾಗ ತಪ್ಪು. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಡಾಕ್ಸ್ ತೆರೆದು ನೋಡಿ. ಟ್ಯುಟೋರಿಯಲ್ ಒಂದು ಕಡೆ, ಲೈಬ್ರರಿ ರೆಫರೆನ್ಸ್ ಇನ್ನೊಂದು ಕಡೆ, ಹೌ-ಟುಗಳ ಗುಂಪು ಮತ್ತೊಂದು ಕಡೆ. ಮೊದಲ ಪುಟದಲ್ಲೇ ಬಾಗಿಲುಗಳು ಬೇರೆ ಬೇರೆ.

ಬರೆಯುವುದು ಯಾವುದರಲ್ಲಿ?

ವರ್ಡ್ ಫೈಲಿನಲ್ಲಂತೂ ಅಲ್ಲ. ಡಾಕ್ಸ್ ಬರೆಯುವುದು ಸರಳ ಪಠ್ಯದಲ್ಲಿ, ನೋಟ್‌ಪ್ಯಾಡಿನಲ್ಲಿ ತೆರೆದರೂ ಓದಲು ಬರುವಂತೆ. ತಲೆಬರಹ ಬೇಕಿದ್ದರೆ ಸಾಲಿನ ಮುಂದೆ # ಗುರುತು. ದಪ್ಪ ಅಕ್ಷರ ಬೇಕಿದ್ದರೆ ಎರಡೂ ಬದಿ ಎರಡೆರಡು ನಕ್ಷತ್ರ. ಇದು ಮಾರ್ಕ್‌ಡೌನ್. 2004ರಲ್ಲಿ ಜಾನ್ ಗ್ರೂಬರ್ ಶುರು ಮಾಡಿದ್ದು. ಪೈಥಾನ್ ಲೋಕದಲ್ಲಿ ರೀಸ್ಟ್ರಕ್ಚರ್ಡ್‌ಟೆಕ್ಸ್ಟ್ ಎಂಬ ಇನ್ನೊಂದಿದೆ. ಅದರಲ್ಲಿ ಅನುಕೂಲ ಜಾಸ್ತಿ, ಕಲಿಯುವ ಕಿರಿಕಿರಿಯೂ ಜಾಸ್ತಿ.

ಸರಳ ಪಠ್ಯವೇ ಯಾಕೆ? ಡಾಕ್ಸ್ ಕೋಡಿನ ಪಕ್ಕದಲ್ಲೇ, ಒಂದೇ ಫೋಲ್ಡರಿನಲ್ಲಿ ಇರಲಿ ಎಂದು. ಆ ಫೋಲ್ಡರಿಗೆ ರೆಪೊ ಎನ್ನುತ್ತಾರೆ. ಗಿಟ್ ಎಂಬ ಸಾಧನ ಅದರಲ್ಲಿ ಆಗುವ ಪ್ರತಿ ಬದಲಾವಣೆಯನ್ನೂ ಕಿರಾಣಿ ಅಂಗಡಿಯ ಲೆಕ್ಕದ ಪುಸ್ತಕದಂತೆ ಬರೆದಿಡುತ್ತದೆ. ಯಾರು, ಯಾವಾಗ, ಯಾವ ಸಾಲನ್ನು ಬದಲಿಸಿದರು ಎಂಬುದೆಲ್ಲ ಅಲ್ಲಿ ದಾಖಲು. ಕೋಡಿನಲ್ಲಿ ಒಂದು ಬಟನ್ ಹೆಸರು ಬದಲಾಯಿತು ಅನ್ನಿ. ಅದೇ ಬದಲಾವಣೆಯ ಜೊತೆ ಡಾಕ್ಸ್‌ನ ಸಾಲನ್ನೂ ತಿದ್ದಿ ಕಳಿಸಬಹುದು. ಹೀಗೆ ಕಳಿಸಿದ್ದಕ್ಕೆ ಪುಲ್ ರಿಕ್ವೆಸ್ಟ್ ಎನ್ನುತ್ತಾರೆ. ‘ನಾನು ಹೀಗೆ ತಿದ್ದಿದ್ದೇನೆ, ಸರಿ ಇದ್ದರೆ ಸೇರಿಸಿಕೊಳ್ಳಿ’ ಎಂಬ ಅರ್ಜಿ ಅದು.

ದರ್ಶಿನಿಯೋ, ಬೇಕರಿಯೋ?

ಮಾರ್ಕ್‌ಡೌನ್ ಫೈಲ್‌ಗಳು ತಾವಾಗಿಯೇ ವೆಬ್‌ಸೈಟ್ ಆಗುವುದಿಲ್ಲ. ನಡುವೆ ಒಂದು ಯಂತ್ರ ಬೇಕು.

ವೆಬ್‌ಸೈಟ್‌ಗಳಲ್ಲಿ ಎರಡು ಜಾತಿ. ಒಂದು ದರ್ಶಿನಿಯ ಹಾಗೆ. ನೀವು ಟೋಕನ್ ಕೊಟ್ಟ ಮೇಲೆ ಕಾವಲಿಗೆ ಹಿಟ್ಟು ಹುಯ್ಯುತ್ತಾರೆ. ಬ್ಯಾಂಕಿನ ಸೈಟು, ರೈಲ್ವೆ ಟಿಕೆಟ್ ಸೈಟು ಹೀಗೆ ಕೆಲಸ ಮಾಡುತ್ತವೆ. ಪ್ರತಿಯೊಬ್ಬರಿಗೂ ಬೇರೆ ಪುಟ, ಆ ಕ್ಷಣಕ್ಕೆ ತಯಾರಾದದ್ದು. ಇನ್ನೊಂದು ಅಯ್ಯಂಗಾರ್ ಬೇಕರಿಯ ಹಾಗೆ. ಬೆಳಿಗ್ಗೆಯೇ ಬನ್ನು, ಪಫ್ ಎಲ್ಲ ಬೇಯಿಸಿ ಗಾಜಿನ ಹಿಂದೆ ಜೋಡಿಸಿಟ್ಟಿರುತ್ತಾರೆ. ಬಂದವರಿಗೆ ಎತ್ತಿ ಕೊಡುವುದಷ್ಟೇ ಕೆಲಸ. ಇಂಥವನ್ನು ಸ್ಟ್ಯಾಟಿಕ್ ಸೈಟ್ ಎನ್ನುತ್ತಾರೆ. ಡಾಕ್ಸ್ ಎಲ್ಲರಿಗೂ ಒಂದೇ ಅಲ್ವಾ? ಹಾಗಾಗಿ ಮೊದಲೇ ಬೇಯಿಸಿಡುವುದೇ ಮೇಲು. ಬೇಗ ತೆರೆಯುತ್ತದೆ, ಖರ್ಚು ಕಡಿಮೆ, ಕಳ್ಳರು ನುಗ್ಗಲು ಬಾಗಿಲುಗಳೂ ಕಡಿಮೆ.

ಬೇಯಿಸುವ ಒಲೆಗೆ ಸ್ಟ್ಯಾಟಿಕ್ ಸೈಟ್ ಜನರೇಟರ್ ಎಂದು ಹೆಸರು. ಬೇಯಿಸುವ ಕ್ರಿಯೆಗೆ ಬಿಲ್ಡ್. ಡಾಕ್ಸ್‌ಗೆಂದೇ ಇರುವ ಒಲೆಗಳಲ್ಲಿ ದೊಡ್ಡ ಹೆಸರು ಸ್ಫಿಂಕ್ಸ್. ಪೈಥಾನ್ ಡಾಕ್ಸ್ ಮೊದಲು ಲೇಟೆಕ್‌ನಲ್ಲಿತ್ತು. ಅದು ಗಣಿತದ ಪುಸ್ತಕ ಅಚ್ಚು ಮಾಡುವವರ ಸಾಧನ, ಹೊರಗಿನವರು ಕೈಹಾಕಲು ಹೆದರುತ್ತಿದ್ದರು. ಅದನ್ನು ಸುಲಭ ಮಾಡಲು ಗಿಯೋರ್ಗ್ ಬ್ರಾಂಡ್ಲ್ ಸ್ಫಿಂಕ್ಸ್ ಬರೆದು 2008ರಲ್ಲಿ ಹೊರತಂದರು. 2016ರ ಹೊತ್ತಿಗೆ ಲಿನಕ್ಸ್ ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನಲ್‌ನ ಡಾಕ್ಸ್ ಕೂಡ ಇದೇ ಒಲೆಗೆ ಬಂತು. ಎಂಕೆಡಾಕ್ಸ್ ಇದಕ್ಕಿಂತ ಸರಳ, ಮಾರ್ಕ್‌ಡೌನ್ ಬಲ್ಲವರು ಒಂದು ಸಂಜೆಯಲ್ಲಿ ಕಲಿಯಬಹುದು. ಫೇಸ್‌ಬುಕ್‌ನವರ ಡಾಕ್ಯುಸಾರಸ್, ಕುಬರ್ನೆಟಿಸ್ ಎಂಬ ಸರ್ವರ್ ಸಾಫ್ಟ್‌ವೇರಿನ ಡಾಕ್ಸ್ ನಡೆಯುವ ಹ್ಯೂಗೋ ಹೀಗೆ ಇನ್ನೂ ಇವೆ. ಯಾವುದು ಒಳ್ಳೆಯದು ಎಂದು ಜನ ವಾರಗಟ್ಟಲೆ ಜಗಳವಾಡುತ್ತಾರೆ. ಅಷ್ಟು ಹೊತ್ತಿನಲ್ಲಿ ಟ್ಯುಟೋರಿಯಲ್ ಬರೆದು ಮುಗಿಸಬಹುದಿತ್ತು ಎಂದು ನನಗೆ ಪ್ರತಿ ಸಲ ಅನಿಸುತ್ತದೆ.

ಪುಟಗಳ ಕ್ರಮವನ್ನೂ ಇಲ್ಲೇ ಹೇಳಬೇಕು. ಎಡಗಡೆ ಸೈಡ್‌ಬಾರಿನಲ್ಲಿ ಯಾವುದರ ಕೆಳಗೆ ಯಾವುದು ಎಂಬ ಪಟ್ಟಿಗೆ ಸ್ಫಿಂಕ್ಸ್‌ನಲ್ಲಿ ಟಾಕ್‌ಟ್ರೀ ಎನ್ನುತ್ತಾರೆ. ಪುಟ ಬರೆದು ಪಟ್ಟಿಗೆ ಸೇರಿಸಲು ಮರೆತರೆ, ಈ ಪುಟ ಯಾವ ಪಟ್ಟಿಯಲ್ಲೂ ಇಲ್ಲ ಎಂದು ಬಿಲ್ಡ್ ಸಮಯದಲ್ಲಿ ಎಚ್ಚರಿಕೆ ಕೊಡುತ್ತದೆ. ಪುಟ ತಯಾರೇನೋ ಆಗುತ್ತದೆ. ಆದರೆ ಅದಕ್ಕೆ ಹೋಗುವ ದಾರಿ ಇಲ್ಲ. ಮನೆ ಕಟ್ಟಿ ರಸ್ತೆ ಬಿಡದ ಹಾಗೆ.

ಪುಶ್ ಮಾಡಿದ ಮೇಲೆ

ಬೆಂದದ್ದನ್ನು ಜನರ ಮುಂದೆ ಇಡುವುದೇ ಪ್ರಕಟಣೆ. ಇದಕ್ಕೆ ಪುಕ್ಕಟೆ ಜಾಗಗಳಿವೆ. ಗಿಟ್‌ಹಬ್ ಪೇಜಸ್ 2008ರ ಕೊನೆಯಲ್ಲಿ ಬಂತು. ಸೈಟ್ 1 ಜಿಬಿ ದಾಟಬಾರದು, ತಿಂಗಳಿಗೆ 100 ಜಿಬಿಯಷ್ಟು ಓಡಾಟ ಎಂಬ ಮಿತಿ ಇದೆ. ಚಿಕ್ಕ ಪ್ರಾಜೆಕ್ಟಿಗೆ ಇದು ಧಾರಾಳ. ರೀಡ್ ದ ಡಾಕ್ಸ್ ಎಂಬುದು ಡಾಕ್ಸ್‌ಗೆಂದೇ ಹುಟ್ಟಿದ್ದು. 2010ರಲ್ಲಿ ಜಾಂಗೋ ಡ್ಯಾಶ್ ಎಂಬ 48 ಗಂಟೆಗಳ ಪಂದ್ಯದಲ್ಲಿ ಮೂವರು ಕೂತು ಕಟ್ಟಿದರು. ಓಪನ್ ಸೋರ್ಸ್ ಆದರೆ ದುಡ್ಡಿಲ್ಲ, ಪುಟದ ಮೂಲೆಯಲ್ಲಿ ಒಂದು ಚಿಕ್ಕ ಜಾಹೀರಾತು ಇರುತ್ತದೆ.

ಎರಡೂ ಕಡೆ ನಡೆಯುವುದು ಸುಮಾರಾಗಿ ಒಂದೇ. ನೀವು ಮಾರ್ಕ್‌ಡೌನ್ ಫೈಲ್ ತಿದ್ದಿ ಪುಶ್ ಮಾಡುತ್ತೀರಿ, ಅಂದರೆ ನಿಮ್ಮ ಕಂಪ್ಯೂಟರಿನಿಂದ ರೆಪೊಗೆ ತಳ್ಳುತ್ತೀರಿ. ಎಲ್ಲೋ ಒಂದು ಕಂಪ್ಯೂಟರ್ ಎದ್ದು, ಹೊಸ ಫೈಲ್ ಎತ್ತಿಕೊಂಡು, ಬಿಲ್ಡ್ ಮಾಡಿ, ಸೈಟಿಗೆ ಹಾಕಿ, ಮತ್ತೆ ಮಲಗುತ್ತದೆ. ಎರಡು ಮೂರು ನಿಮಿಷದ ಮಾತು. ಒಂದು ಅಕ್ಷರ ತಪ್ಪಾಗಿದ್ದರೂ ತಿದ್ದಿ ಪುಶ್ ಮಾಡಿದರಾಯಿತು.

ಇಲ್ಲಿ ಹೊಸಬರು ಮುಗ್ಗರಿಸುವ ಒಂದು ಜಾಗ ಇದೆ. ನಮ್ಮ ಹುಡುಗನೂ ಅಲ್ಲೇ ಬಿದ್ದ. ಅವನ ಕಂಪ್ಯೂಟರಿನಲ್ಲಿ ಸೈಟ್ ಚೆನ್ನಾಗಿ ಕಂಡಿತು. ಇಂಟರ್ನೆಟ್ಟಿಗೆ ಹಾಕಿದ ಮೇಲೆ ಬಣ್ಣವಿಲ್ಲ, ಸೈಡ್‌ಬಾರ್ ಇಲ್ಲ, ಬಿಳಿ ಹಾಳೆಯ ಮೇಲೆ ಕಪ್ಪು ಅಕ್ಷರ. ಒಂದು ಇಡೀ ಭಾನುವಾರ ಹೋಯಿತು. ಕಾರಣ ಇಷ್ಟೇ. ಸ್ಫಿಂಕ್ಸ್ ಬಣ್ಣ, ವಿನ್ಯಾಸದ ಫೈಲ್‌ಗಳನ್ನೆಲ್ಲ ‘ಸ್ಟ್ಯಾಟಿಕ್’ ಎಂಬ ಫೋಲ್ಡರಿನಲ್ಲಿಡುತ್ತದೆ, ಆ ಹೆಸರಿನ ಮುಂದೆ ಒಂದು ಅಂಡರ್‌ಸ್ಕೋರ್ ಇರುತ್ತದೆ. ಗಿಟ್‌ಹಬ್ ಪೇಜಸ್‌ನಲ್ಲಿ ಬ್ರಾಂಚಿನಿಂದ, ಅಂದರೆ ರೆಪೊದ ಒಂದು ಕವಲಿನಿಂದ, ನೇರ ಪ್ರಕಟಿಸಿದರೆ ಫೈಲ್‌ಗಳು ಮೊದಲು ಜೆಕಿಲ್ ಎಂಬ ಇನ್ನೊಂದು ಒಲೆಯ ಮೂಲಕ ಹಾದು ಬರುತ್ತವೆ. ಜೆಕಿಲ್‌ನ ಕಟ್ಟಳೆಯಲ್ಲಿ ಅಂಡರ್‌ಸ್ಕೋರಿನಿಂದ ಶುರುವಾಗುವ ಫೋಲ್ಡರ್ ಒಳಮನೆಯದು, ಹೊರಗೆ ತೋರಿಸುವಂಥದ್ದಲ್ಲ. ಪರಿಹಾರ ಏನು ಗೊತ್ತಾ? ‘ಡಾಟ್ ನೋಜೆಕಿಲ್’ ಎಂಬ ಹೆಸರಿನ ಒಂದು ಖಾಲಿ ಫೈಲ್ ಇಟ್ಟರೆ ಮುಗಿಯಿತು. ಒಳಗೆ ಒಂದಕ್ಷರವೂ ಬೇಡ. ಬಾಗಿಲ ಮೇಲೆ ‘ನಾಳೆ ಬಾ’ ಬರೆದ ಹಾಗೆ, ಜೆಕಿಲ್ ನೋಡಿ ವಾಪಸ್ ಹೋಗುತ್ತದೆ.

ಹಳೇ ವರ್ಷನ್ನಿನವರ ಗತಿ

ಸಾಫ್ಟ್‌ವೇರ್ ಬದಲಾಗುತ್ತಲೇ ಇರುತ್ತದೆ. ಆದರೆ ಎಲ್ಲರೂ ಅದೇ ದಿನ ಹೊಸದಕ್ಕೆ ಬರುವುದಿಲ್ಲ. ಹಾಗಾಗಿ ಒಂದೊಂದು ವರ್ಷನ್ನಿಗೂ ಒಂದೊಂದು ಪ್ರತಿ ಡಾಕ್ಸ್ ಇಡುವುದು ರೂಢಿ. ಪೈಥಾನ್ ಡಾಕ್ಸ್‌ನ ಮೇಲ್ಗಡೆ ವರ್ಷನ್ ಆರಿಸುವ ಪಟ್ಟಿ ಇರುವುದು ಇದಕ್ಕೇ. ರೀಡ್ ದ ಡಾಕ್ಸ್‌ನಲ್ಲಿ ‘ಸ್ಟೇಬಲ್’, ‘ಲೇಟೆಸ್ಟ್’ ಎಂಬ ಎರಡು ಹೆಸರು ಕಾಣುತ್ತವೆ. ಸ್ಟೇಬಲ್ ಎಂದರೆ ಬಿಡುಗಡೆಯಾದದ್ದು. ಲೇಟೆಸ್ಟ್ ಎಂದರೆ ಇನ್ನೂ ಒಲೆಯ ಮೇಲಿರುವುದು. ಬಹಳ ಜನ ಲೇಟೆಸ್ಟೇ ಒಳ್ಳೆಯದು ಅಂದುಕೊಂಡು ಅದನ್ನು ತೆರೆದು, ತಮ್ಮಲ್ಲಿಲ್ಲದ ಬಟನ್ ಹುಡುಕುತ್ತಾ ಕೂರುತ್ತಾರೆ.

ಹಳೇ ಪ್ರತಿಗಳನ್ನು ಇಡುವುದರಲ್ಲೂ ಒಂದು ಪೇಚಾಟ ಇದೆ. ಪೈಥಾನ್ 2ರ ಬೆಂಬಲ 2020ರ ಜನವರಿ 1ಕ್ಕೆ ನಿಂತಿತು. ಆದರೂ ಗೂಗಲ್ ಹುಡುಕಾಟದಲ್ಲಿ ಅದರ ಪುಟಗಳು ಸಿಗುತ್ತಲೇ ಇದ್ದವು. ಅದರಲ್ಲಿ ‘ಪ್ರಿಂಟ್’ ಪಕ್ಕ ಆವರಣ ಚಿಹ್ನೆ ಬೇಕಿಲ್ಲ, ಪೈಥಾನ್ 3ರಲ್ಲಿ ಬೇಕೇ ಬೇಕು. ಹಳೇ ಪುಟ ನೋಡಿ ಟೈಪ್ ಮಾಡಿದ ಹುಡುಗಿಗೆ ಮೊದಲ ಸಾಲಿಗೇ ಎರರ್. ತಪ್ಪು ತನ್ನದೇ ಅಂದುಕೊಳ್ಳುತ್ತಾಳೆ ಪಾಪ. ಅದಕ್ಕೇ ಹಳೇ ಪುಟಗಳ ನೆತ್ತಿಯ ಮೇಲೆ ‘ಇದು ಹಳೆಯದು, ಹೊಸದು ಇಲ್ಲಿದೆ’ ಎಂಬ ಪಟ್ಟಿ ಹಾಕುತ್ತಾರೆ. ಪುಟದ ಒಳಗೆ ಕೆನಾನಿಕಲ್ ಎಂಬ ಗುರುತಿಟ್ಟು, ಇವುಗಳಲ್ಲಿ ಮುಖ್ಯವಾದದ್ದು ಯಾವುದು ಎಂದು ಗೂಗಲ್‌ಗೂ ಹೇಳುತ್ತಾರೆ.

ಪುಟದ ವಿಳಾಸ ಬದಲಿಸುವುದು ಇನ್ನೊಂದು ಅಪಾಯ. ಯಾರೋ ಎಲ್ಲೋ ಆ ಲಿಂಕ್ ಕೊಟ್ಟಿರುತ್ತಾರೆ, ಪುಸ್ತಕದಲ್ಲಿ ಅಚ್ಚು ಹಾಕಿಸಿರುತ್ತಾರೆ. ಒಳ್ಳೆಯ ವಿಳಾಸ ಬದಲಾಗುವುದಿಲ್ಲ ಎಂದು ವೆಬ್ ಕಂಡುಹಿಡಿದ ಟಿಮ್ ಬರ್ನರ್ಸ್-ಲೀ 1998ರಲ್ಲೇ ಬರೆದಿದ್ದರು. ಬದಲಿಸಲೇಬೇಕಾದರೆ ರೀಡೈರೆಕ್ಟ್ ಹಾಕಬೇಕು. ಮನೆ ಬದಲಿಸಿದವರು ಪೋಸ್ಟ್‌ಮ್ಯಾನ್ ಹತ್ತಿರ ಹೊಸ ವಿಳಾಸ ಹೇಳಿ ಹೋಗುವುದಿಲ್ಲವೇ, ಹಾಗೆ.

ಕನ್ನಡದಲ್ಲಿ ಹುಡುಕಿದರೆ ಸಿಗುವುದೇ?

ನಮ್ಮ ಹುಡುಗನ ಡಾಕ್ಸ್ ಕನ್ನಡದಲ್ಲಿರಬೇಕಿತ್ತು. ಇಂಗ್ಲಿಷ್ ಸೈಟ್ ಮಾಡುವವರಿಗೆ ಎದುರಾಗದ ಎರಡು ತೊಡಕು ಇಲ್ಲಿ ಬಂದವು.

ಸ್ಟ್ಯಾಟಿಕ್ ಸೈಟಿನಲ್ಲಿ ಹುಡುಕುವ ಪೆಟ್ಟಿಗೆ ಹೀಗೆ ಕೆಲಸ ಮಾಡುತ್ತದೆ. ಬಿಲ್ಡ್ ಆಗುವಾಗಲೇ ಪುಸ್ತಕದ ಕೊನೆಯ ಪದಸೂಚಿಯಂತೆ ಒಂದು ಪಟ್ಟಿ ತಯಾರಾಗುತ್ತದೆ. ಯಾವ ಪದ ಯಾವ ಪುಟದಲ್ಲಿದೆ ಎಂಬ ಪಟ್ಟಿ. ನೀವು ಹುಡುಕಿದಾಗ ನಿಮ್ಮ ಬ್ರೌಸರ್ ಆ ಪಟ್ಟಿ ನೋಡುತ್ತದೆ. ಇಂಗ್ಲಿಷಿನಲ್ಲಿ ಒಂದೇ ಪದದ ಬೇರೆ ಬೇರೆ ರೂಪಗಳ ಬಾಲ ಕತ್ತರಿಸಿ ಬೇರನ್ನು ಹಿಡಿಯುವ ಏರ್ಪಾಡು ಜೊತೆಗೇ ಬರುತ್ತದೆ. ಕನ್ನಡಕ್ಕೆ ಬಹಳ ಕಡೆ ಅದಿಲ್ಲ. ನಮ್ಮ ಪದಗಳಿಗೋ ಬಾಲ ಉದ್ದ. ಫೈಲು, ಫೈಲನ್ನು, ಫೈಲಿನಲ್ಲಿ, ಫೈಲಿಗೆ, ಫೈಲುಗಳಿಂದ. ನಮಗೆ ಎಲ್ಲವೂ ಒಂದೇ ಪದ, ಯಂತ್ರಕ್ಕೆ ಐದು.

ಎರಡನೆಯದು ಕಣ್ಣಿಗೆ ಕಾಣದ ಶತ್ರು. ‘ಸಾಫ್ಟ್‌ವೇರ್’ ಎಂದು ಬರೆಯುವಾಗ ‘ಟ’ಗೆ ವಕಾರದ ಒತ್ತು ಬೀಳದಿರಲಿ ಎಂದು ನಡುವೆ ಒಂದು ಅಗೋಚರ ಅಕ್ಷರ ಹಾಕುತ್ತೇವೆ. ಅದಕ್ಕೆ ಅಗಲವಿಲ್ಲ, ಆಕಾರವಿಲ್ಲ, ಆದರೆ ಅಕ್ಷರವೇ. ಅದಿಲ್ಲದೆ ಟೈಪ್ ಮಾಡಿದರೆ ‘ಸಾಫ್ಟ್ವೇರ್’ ಆಗುತ್ತದೆ. ಓದುಗರಿಗೆ ಎರಡೂ ಒಂದೇ. ಹುಡುಕುವ ಯಂತ್ರಕ್ಕೆ ಎರಡು ಬೇರೆ ಪದ. ಅದೇ ಅಕ್ಷರ ಪದದ ಕೊನೆಯಲ್ಲಿ ಸೇರಿಕೊಂಡರಂತೂ ಕಣ್ಣಿಗೆ ವ್ಯತ್ಯಾಸವೇ ಕಾಣದು. ‘ಹುಡುಕಿದ್ರೆ ಬರ್ತಿಲ್ಲ, ಆದ್ರೆ ಪುಟದಲ್ಲಿ ಇದೆ’ ಎಂಬ ದೂರು ಬಂದರೆ ನಾನು ಮೊದಲು ನೋಡುವುದು ಇದನ್ನೇ. ಪದಸೂಚಿಯಿಂದಲೂ, ಹುಡುಕಿದ ಪದದಿಂದಲೂ ಆ ಅಕ್ಷರವನ್ನು ತೆಗೆದುಹಾಕುವ ನಾಲ್ಕು ಸಾಲು ಕೋಡ್ ಸೇರಿಸಿದೆವು.

ಇಂಗ್ಲಿಷ್ ಡಾಕ್ಸ್ ಅನ್ನು ಕನ್ನಡಕ್ಕೆ ತರುವುದಾದರೆ ಬೇರೆ ದಾರಿ ಇದೆ. ಸ್ಫಿಂಕ್ಸ್‌ನಲ್ಲಿ ಪುಟವನ್ನು ಪ್ಯಾರಾ ಪ್ಯಾರಾ ಒಡೆದು ಒಂದು ಪಟ್ಟಿ ಮಾಡಬಹುದು. ಮೇಲೆ ಇಂಗ್ಲಿಷ್ ಪ್ಯಾರಾ, ಕೆಳಗೆ ಕನ್ನಡಕ್ಕೆ ಖಾಲಿ ಜಾಗ. ಇದಕ್ಕೆ ಪಿಒ ಫೈಲ್ ಎನ್ನುತ್ತಾರೆ. ಖಾಲಿ ಬಿಟ್ಟದ್ದು ಸೈಟಿನಲ್ಲಿ ಇಂಗ್ಲಿಷಿನಲ್ಲೇ ಕಾಣುತ್ತದೆ. ಹಾಗಾಗಿ ಎಲ್ಲ ಮುಗಿಯುವವರೆಗೆ ಕಾಯಬೇಕಿಲ್ಲ. ಮೂಲದ ಪ್ಯಾರಾ ಬದಲಾದರೆ ಆ ಅನುವಾದದ ಮೇಲೆ ‘ಫಜಿ’ ಎಂಬ ಗುರುತು ಬೀಳುತ್ತದೆ. ಮತ್ತೊಮ್ಮೆ ನೋಡಿ ಎಂದು ಅರ್ಥ. ಪೈಥಾನ್ ಅನುವಾದಗಳಿಗೆ 2017ರಲ್ಲಿ ಒಂದು ಅಧಿಕೃತ ಕ್ರಮ ಸಿಕ್ಕಿತು. ಕುಬರ್ನೆಟಿಸ್ ಡಾಕ್ಸ್‌ನಲ್ಲಿ ಹಿಂದಿ, ಬಂಗಾಳಿ ಪುಟಗಳಿವೆ.

ಡಾಕ್ಸ್ ಹಳಸುವ ಬಗೆ

ಅನ್ನದಂತೆ ಡಾಕ್ಸ್ ಕೂಡ ಹಳಸುತ್ತದೆ, ಆದರೆ ವಾಸನೆ ಬರುವುದಿಲ್ಲ. 2017ರಲ್ಲಿ ಗಿಟ್‌ಹಬ್ ನಡೆಸಿದ ಸಮೀಕ್ಷೆಯಲ್ಲಿ ಉತ್ತರಿಸಿದವರ ಪೈಕಿ 93% ಜನ ಅರೆಬರೆ ಅಥವಾ ಹಳೆಯದಾದ ಡಾಕ್ಸ್ ದೊಡ್ಡ ತಲೆನೋವು ಅಂದರು. ಅದೇ ಸಮೀಕ್ಷೆಯಲ್ಲಿ ಕೊಡುಗೆದಾರರ ಪೈಕಿ 60% ಜನ ತಾವು ಡಾಕ್ಸ್‌ಗೆ ಕೈಹಾಕುವುದು ಅಪರೂಪ ಅಥವಾ ಇಲ್ಲವೇ ಇಲ್ಲ ಅಂದರು. ಬೇಕು ಎಲ್ಲರಿಗೂ, ಪಾತ್ರೆ ತೊಳೆಯುವವರು ಯಾರು?

ಒಂದಷ್ಟನ್ನು ಯಂತ್ರಕ್ಕೇ ವಹಿಸಬಹುದು. ಸ್ಫಿಂಕ್ಸ್‌ನಲ್ಲಿ ಲಿಂಕ್‌ಚೆಕ್ ಎಂಬ ಆದೇಶ ಇದೆ, ಪ್ರತಿ ಲಿಂಕಿನ ಬಾಗಿಲು ತಟ್ಟಿ ನೋಡಿ ಸತ್ತವುಗಳ ಪಟ್ಟಿ ಕೊಡುತ್ತದೆ. ಪೈಥಾನ್‌ನಲ್ಲಿ ಡಾಕ್‌ಟೆಸ್ಟ್ ಇದೆ. ಡಾಕ್ಸ್‌ನಲ್ಲಿ ಬರೆದ ಉದಾಹರಣೆಯನ್ನು ನಿಜವಾಗಿಯೂ ಓಡಿಸಿ, ಬಂದ ಉತ್ತರ ಪುಟದಲ್ಲಿ ಬರೆದ ಉತ್ತರಕ್ಕೆ ಸರಿಯಾಗಿದೆಯೇ ಎಂದು ನೋಡುತ್ತದೆ. ‘ಕರ್ನಾಟಕ’ ಬದಲಿಸುವ ಉದಾಹರಣೆ ನಮ್ಮ ರೆಫರೆನ್ಸ್ ಪುಟದಲ್ಲಿದೆ. ಒಂದು ಸಲ ಹುಡುಗ ಕೋಡ್ ತಿದ್ದುವಾಗ ಅರ್ಕಾವತ್ತು ಜಾಗ ಬಿಟ್ಟಿತು. ಮೊದಲು ಕೂಗಿಕೊಂಡದ್ದು ಡಾಕ್ಸ್.

ಪ್ರತಿ ಪುಟದಲ್ಲಿ ‘ಈ ಪುಟ ತಿದ್ದಿ’ ಎಂಬ ಲಿಂಕ್ ಇಡುವುದೂ ಒಳ್ಳೆಯ ಉಪಾಯ. ಒತ್ತಿದರೆ ನೇರ ಆ ಮಾರ್ಕ್‌ಡೌನ್ ಫೈಲಿಗೆ ಹೋಗುತ್ತದೆ. ಓದುವಾಗ ಕಂಡ ತಪ್ಪನ್ನು ಓದುಗರೇ ತಿದ್ದಿ ಕಳಿಸಬಹುದು. ಅರ್ಕಾವತ್ತಿನ ಪ್ರೂಫ್ ರೀಡರ್ ಹೀಗೆ ಹನ್ನೊಂದು ಕಾಗುಣಿತ ದೋಷ ತಿದ್ದಿ ಕಳಿಸಿದರು. ಪುಲ್ ರಿಕ್ವೆಸ್ಟ್ ಎಂಬ ಪದ ಅವರಿಗೆ ಇವತ್ತಿಗೂ ಗೊತ್ತಿಲ್ಲ.

ಪುಕ್ಕಟೆಗೂ ಯಾರೋ ದುಡ್ಡು ಕೊಡುತ್ತಿರುತ್ತಾರೆ

ಇತ್ತೀಚೆಗೆ ಡಾಕ್ಸ್ ಓದುವವರಲ್ಲಿ ಮನುಷ್ಯರಷ್ಟೇ ಇಲ್ಲ. ಎಐ ಕಂಪನಿಗಳ ಬಾಟ್‌ಗಳು, ಅಂದರೆ ತಾವಾಗಿಯೇ ಓಡುವ ಪ್ರೋಗ್ರಾಂಗಳು, ಬಂದು ಸೈಟುಗಳನ್ನು ಪೂರ್ತಿಯಾಗಿ ಬಾಚಿಕೊಂಡು ಹೋಗುತ್ತವೆ. 2024ರ ಮೇ ತಿಂಗಳಲ್ಲಿ ಅಂಥ ಒಂದು ಬಾಟ್ ರೀಡ್ ದ ಡಾಕ್ಸ್‌ನಿಂದ 73 ಟಿಬಿ ಡೌನ್‌ಲೋಡ್ ಮಾಡಿತು. ಅದಕ್ಕೆ ತಗಲಿದ ಬ್ಯಾಂಡ್‌ವಿಡ್ತ್ ಖರ್ಚು 5,000 ಡಾಲರ್ ಮೇಲೆ ಎಂದು ರೀಡ್ ದ ಡಾಕ್ಸ್‌ನವರೇ ಬರೆದುಕೊಂಡರು. ಈಗ ಬಹಳ ಡಾಕ್ಸ್ ಸೈಟುಗಳು ಒಬ್ಬರೇ ಅತಿಯಾಗಿ ಕೇಳಿದರೆ ತಡೆಯುವ ಬೇಲಿ ಹಾಕಿಕೊಳ್ಳುತ್ತಿವೆ.

ಶುರು ಮಾಡುವುದಾದರೆ

ನಾವು ಶುರು ಮಾಡಿದ್ದು ಒಂದೇ ಪುಟದಿಂದ, ಟ್ಯುಟೋರಿಯಲ್‌ನಿಂದ. ಬರೆದು ಮುಗಿದ ಮೇಲೆ ಅದನ್ನು ಪ್ರೆಸ್ಸಿಗೇ ತೆಗೆದುಕೊಂಡು ಹೋದೆವು. ಮಾಲೀಕರ ಪಕ್ಕದಲ್ಲಿ ಸ್ಟೂಲ್ ಹಾಕಿಕೊಂಡು ಕೂತೆವು. ಬಾಯಿ ಬಿಡಬಾರದು, ಮೌಸ್ ಮುಟ್ಟಬಾರದು ಎಂದು ಹುಡುಗನಿಗೆ ಮೊದಲೇ ಹೇಳಿದ್ದೆ.

ಅವರು ಜಿಪ್ ಫೈಲ್ ಇಳಿಸಿಕೊಂಡರು. ಅದರ ಮೇಲೆ ಎರಡು ಸಲ ಒತ್ತಿದರು. ವಿಂಡೋಸ್ ಅದನ್ನು ಮಾಮೂಲಿ ಫೋಲ್ಡರಿನಂತೆಯೇ ತೆರೆದು ತೋರಿಸಿತು. ಒಳಗಿದ್ದ ಪ್ರೋಗ್ರಾಂ ಮೇಲೆ ಒತ್ತಿದರು. ಎರರ್. ಜಿಪ್ ಬಿಚ್ಚದೆ ಒಳಗಿನಿಂದಲೇ ಓಡಿಸಿದರೆ ಅದಕ್ಕೆ ಬೇಕಾದ ಉಳಿದ ಫೈಲ್‌ಗಳು ಹೊರಗೆ ಬಂದಿರುವುದಿಲ್ಲ. ಜಿಪ್ ಬಿಚ್ಚಬೇಕು ಎಂದು ನಾವು ಎಲ್ಲೂ ಬರೆದೇ ಇರಲಿಲ್ಲ. ನಮ್ಮಿಬ್ಬರಿಗೂ ಅದೊಂದು ಹೆಜ್ಜೆ ಅಂತಲೇ ಹೊಳೆದಿರಲಿಲ್ಲ.

“ಸರ್, ತಪ್ಪು ನಿಮ್ದಲ್ಲ” ಅಂದ ಹುಡುಗ. ಅಲ್ಲೇ ಮೊಬೈಲ್ ತೆಗೆದು ‘ಈ ಪುಟ ತಿದ್ದಿ’ ಒತ್ತಿದ. ಟ್ಯುಟೋರಿಯಲ್‌ನ ಎರಡನೇ ಸಾಲು ಈಗ ಹೀಗಿದೆ: ‘ಜಿಪ್ ಫೈಲಿನ ಮೇಲೆ ಮೌಸಿನ ಬಲಗಡೆ ಒತ್ತಿ, ಎಕ್ಸ್‌ಟ್ರಾಕ್ಟ್ ಆಲ್ ಆರಿಸಿ. ಹೊಸ ಫೋಲ್ಡರ್ ತೆರೆಯುವವರೆಗೆ ಕಾಯಿರಿ.’